ಕೊರಳಿಗೆ ಹೋಗುವ ಕೈ

ಬೇಗಂ ಬಜಾರಿನ ನಮ್ಮ ಗಲ್ಲಿಯಲ್ಲಿ ಆಗಿನ ಮಕ್ಕಳೆಲ್ಲ ಸೀನುತ್ತಲೇ ದೊಡ್ಡವರಾದೆವು. ಗಲ್ಲಿಯ ಬಾಯಿಗೆ ಒಣಮೆಣಸಿನಕಾಯಿಯ ಗೋದಾಮು, ಅದಕ್ಕೆ ಒತ್ತಿಕೊಂಡು ಅರಿಸಿನ, ಧನಿಯಾ, ಇಂಗಿನ ಸಗಟು ಅಂಗಡಿಗಳು. ಬೆಳಿಗ್ಗೆ ಹಮಾಲರು ಚೀಲ ಇಳಿಸುವಾಗ ಎದ್ದ ಘಾಟು ಮಧ್ಯಾಹ್ನವಾದರೂ ಗಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ಮಳೆಗಾಲ ಬಂತೆಂದರೆ ಅದೇ ಘಾಟಿಗೆ ಒದ್ದೆ ಗೋಣಿಯ ವಾಸನೆ ಸೇರಿಕೊಳ್ಳುತ್ತಿತ್ತು. ಇಂಥ ಬಜಾರಿನ ಬೆನ್ನಿಗೆ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ. ಆ ವಾಸನೆ ಈಗ ಎಲ್ಲಿ ಮೂಗಿಗೆ ಬಡಿದರೂ ಮನಸ್ಸು ಲಂಗ ತೊಟ್ಟುಕೊಂಡು ಗಲ್ಲಿಗೆ ಓಡುತ್ತದೆ. ನನ್ನ ಮನಸ್ಸೂ ಓಡುತ್ತದೆ. ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಹೆದರಿ ವಾಪಸ್ಸು ಬಂದುಬಿಡುತ್ತದೆ. ಯಾಕೆ ಎಂಬುದನ್ನು ಹೇಳಲಿಕ್ಕೇ ಕೂತಿದ್ದೇನೆ.

ಅಪ್ಪ ಬಜಾರಿನ ಒಂದು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ರಾಯಚೂರು ಕಡೆಯ ಹಳ್ಳಿಯಿಂದ ಮದುವೆಗೆ ಮುಂಚೆಯೇ ಹೈದರಾಬಾದಿಗೆ ಬಂದು ಇಲ್ಲೇ ನೆಲೆ ನಿಂತವನು. ಅಂಗಡಿಯಿಂದ ಕೂಗಳತೆಯಲ್ಲಿ ಒಂದು ಹಳೆಯ ಮನೆ, ಅದರ ಹಿಂಭಾಗದಲ್ಲಿ ನಮ್ಮ ಎರಡು ಖೋಲಿ. ಅಂಗಳ, ನಲ್ಲಿ, ಬಚ್ಚಲು ಎಲ್ಲ ಬಾಡಿಗೆದಾರರಿಗೂ ಸೇರಿ ಒಂದೇ. ಅಂಗಳದಲ್ಲಿ ತೆಲುಗು, ಗಲ್ಲಿಯಲ್ಲಿ ಹಿಂದಿ, ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಒಳಗೆ ಇದ್ದವರು ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಾಯಿ. ಅವಳನ್ನು ನಾನು ಆಯಿ ಅನ್ನುತ್ತಿದ್ದೆ.

ನಾನು ಬೆಳೆದದ್ದು ಆಯಿಯ ಮಗ್ಗುಲಲ್ಲೇ. ಅವಳ ಸೀರೆಗೆ ವಿಭೂತಿಯ ಮತ್ತು ಹುರಿದ ಶೇಂಗಾದ ವಾಸನೆ. ಬಿಸಿ ಜೋಳದ ರೊಟ್ಟಿಯನ್ನು ಮುರಿದು, ಪುಂಡಿಪಲ್ಯ ಹಚ್ಚಿ, ಮೇಲೆ ಒಂದು ಚಿಟಿಕೆ ಶೇಂಗಾಹಿಂಡಿ ಉದುರಿಸಿ ನನ್ನ ಬಾಯಿಗಿಡುತ್ತಿದ್ದಳು. ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಗಲ್ಲಿಯ ತುದಿಯವರೆಗೆ ಬಂದು, ಬಾರದ ಹಿಂದಿಯಲ್ಲಿ ಹಮಾಲರನ್ನು ಕೇಳುತ್ತ ನಿಲ್ಲುತ್ತಿದ್ದಳು. ಮುಂದೆ ಬರೆಯುವುದನ್ನು ಓದಿ ಯಾರಾದರೂ ಅವಳನ್ನು ಕಲ್ಲೆದೆಯವಳು ಅಂದುಕೊಂಡರೆ ಅದು ನನ್ನ ಬರವಣಿಗೆಯ ದೋಷ. ನನ್ನನ್ನು ಅವಳಷ್ಟು ಪ್ರೀತಿಸಿದವರು ಮತ್ತೊಬ್ಬರಿಲ್ಲ.

ನನಗೆ ಎಂಟು ತುಂಬಿದ ವರ್ಷ ಆಯಿ ಹಟ ಹಿಡಿದು ಲಿಂಗ ಕಟ್ಟಿಸಿದಳು. ಊರಿನಿಂದ ಅಯ್ಯನವರು ಬಂದರು. ತಲೆಗೆ ನೀರು ಹಾಕಿ, ಹಣೆ ತುಂಬ ವಿಭೂತಿ ಬಳಿದು, ಕಿವಿಯಲ್ಲಿ ಮಂತ್ರ ಹೇಳಿದರು. ಆಮೇಲೆ ಬಿಳಿಯ ಅರಿವೆಯಲ್ಲಿ ಕಟ್ಟಿದ ಪುಟ್ಟ ಲಿಂಗವನ್ನು ಶಿವದಾರದಲ್ಲಿ ಕೋದು ನನ್ನ ಕೊರಳಿಗೆ ಹಾಕಿದರು. ಅದರ ಕರಿ ಮೈಗೆ ಎಣ್ಣೆ ಸವರಿದಂಥ ಹೊಳಪು. ಅಂಗೈಯಲ್ಲಿಟ್ಟರೆ ಮೊದಲು ತಣ್ಣಗಿದ್ದು, ನೋಡುತ್ತಿದ್ದ ಹಾಗೆ ಬೆಚ್ಚಗಾಗುತ್ತಿತ್ತು. ಒಂದು ಮಗ್ಗುಲಿಗೆ ಸ್ವಲ್ಪ ಚಪ್ಪಟೆ ಇತ್ತು. ನನ್ನ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂರುತ್ತಿತ್ತು.

"ಇನ್ನ ಮ್ಯಾಲೆ ಇದ ನಿನ್ನ ಉಸಿರು ನೋಡು ನೀಲವ್ವಾ," ಅಂದಳು ಆಯಿ. "ಒಳಗಿನ ಉಸಿರು ಹೊರಗ ಬಂದು ಕುಂತೈತಿ. ಇದು ಮೈಮ್ಯಾಲೆ ಇಲ್ಲ ಅಂದ್ರ ನೀನೂ ಇಲ್ಲ."

"ಜಳಕ ಮಾಡುವಾಗ?"

"ಜಳಕ ಮಾಡುವಾಗೂ ಇರಬೇಕು."

"ನಿದ್ದಿ ಹತ್ತಿದಾಗ?"

"ಅವಾಗೂ. ಸತ್ತಾಗೂ ಕೈಯಾಗ ಇದನ್ನ ಇಟ್ಟು ಕಳಸ್ತಾರ."

ದಿನಾ ಸಂಜೆ ಉಣ್ಣುವ ಮುಂಚೆ ನಾವಿಬ್ಬರೂ ಗೋಡೆಯ ಗೂಡಿನ ಮುಂದೆ ಕೂರುತ್ತಿದ್ದೆವು. ನನ್ನ ಎಡ ಅಂಗೈಯ ಕೆಳಗೆ ಅವಳ ಅಂಗೈ. ದೀಪದ ಬೆಳಕು ಆ ಕರಿ ಕಲ್ಲಿನ ನೆತ್ತಿಯ ಮೇಲೆ ಒಂದು ಚುಕ್ಕೆಯಾಗಿ ನಿಲ್ಲುತ್ತಿತ್ತು. ರೆಪ್ಪೆ ಬಡಿಯದೆ ನೋಡಬೇಕು. ನೋಡುತ್ತ ನೋಡುತ್ತ ಗಲ್ಲಿಯ ಗದ್ದಲ, ಅಂಗಳದ ನಲ್ಲಿ ನೀರಿನ ಜಗಳ ಎಲ್ಲ ದೂರವಾಗಿ, ನನ್ನ ಉಸಿರು ನಿಜವಾಗಿಯೂ ಆ ಕಲ್ಲಿನಿಂದಲೇ ಬಂದು ಹೋಗುತ್ತಿದೆ ಅನಿಸುತ್ತಿತ್ತು. ಅಷ್ಟು ನೆಮ್ಮದಿಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಪೂಜೆ ಮುಗಿದ ಮೇಲೆ ಆಯಿ ಕತೆ ಹೇಳುತ್ತಿದ್ದಳು. ಅದರಲ್ಲಿ ಒಂದು ಅವಳ ತವರೂರಿನ ಹೊಸ ಸೊಸೆಯದು. ಹಳ್ಳ ದಾಟುವಾಗ ಅವಳ ಕೊರಳಿನ ಲಿಂಗ ನೀರುಪಾಲಾಯಿತಂತೆ. ದಂಡೆಗೆ ಬಂದವಳು ಯಾರ ಹತ್ತಿರವೂ ಮಾತಾಡಲಿಲ್ಲ, ನೀರು ಕುಡಿಯಲಿಲ್ಲ. ಕಣ್ಣು ಮುಚ್ಚಿ ಕೂತು ಉಸಿರು ಹಿಡಿದಳು, ಹಾಗೆಯೇ ಹೋದಳು. "ಎಂಥಾ ಜೀವ ನೋಡು! ಶಿವ ಬಂದು ಕೈ ಹಿಡಿದು ಕರಕೊಂಡು ಹ್ವಾದ," ಎನ್ನುವಾಗ ಆಯಿಯ ಕಣ್ಣು ತುಂಬಿ ಬರುತ್ತಿತ್ತು. ನಾನು ಅವಳ ತೊಡೆಯ ಮೇಲೆ ಮಲಗಿ, ಕೊರಳಿನ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮರುವರ್ಷದ ಶ್ರಾವಣ. ಸೋಮವಾರಗಳಲ್ಲಿ ಮನೆಯೆಲ್ಲ ಗೋಧಿಹುಗ್ಗಿಯ, ಏಲಕ್ಕಿಯ ಪರಿಮಳ. ಶಾಲೆ ಬಿಟ್ಟ ಮೇಲೆ ನಾನು, ಅಂಗಳದಾಚೆಯ ಮನೆಯ ರಜಿತ ಮತ್ತು ಇತರ ಹುಡುಗಿಯರು ಗಲ್ಲಿಯಲ್ಲಿ ಕುಂಟಬಿಲ್ಲೆ ಆಡುತ್ತಿದ್ದೆವು. ರಜಿತ ಅದನ್ನು ತೊಕ್ಕುಡು ಬಿಲ್ಲ ಅನ್ನುತ್ತಿದ್ದಳು. ಸುಣ್ಣದ ಕಡ್ಡಿಯಿಂದ ಮನೆ ಬರೆಯುವುದು, ಮಳೆ ಬಂದು ಅಳಿಸುವುದು, ಮಳೆ ನಿಂತ ಮೇಲೆ ಮತ್ತೆ ಬರೆಯುವುದು. ಅವತ್ತೂ ಹಾಗೆಯೇ ನೆನೆಯುತ್ತ ಕುಣಿದಿದ್ದೆವು. ಒದ್ದೆ ಜಡೆ ಹಿಂಡಿಕೊಳ್ಳುತ್ತ ಒಳಗೆ ಬಂದಾಗ ಆಯಿ ದೀಪ ಹಚ್ಚಿ ಕೂತಿದ್ದಳು.

"ಬಾ, ಲಿಂಗಕ್ಕ ನೀರು ಕೊಡೂಣು, ಆಮ್ಯಾಲೆ ಹುಗ್ಗಿ ಉಣ್ಣೂಣು."

ಕುಳಿತು ಕೊರಳಿಗೆ ಕೈ ಹಾಕಿದೆ. ಶಿವದಾರ ಕೈಗೆ ಸಿಕ್ಕಲಿಲ್ಲ. ಫ್ರಾಕಿನೊಳಗೆ ಹುಡುಕಿದೆ, ಬೆನ್ನಿಗೆ ಹುಡುಕಿದೆ.

"ಆಯಿ..."

"ಏನವ್ವಾ?"

"ಇಲ್ಲ."

"ಏನ ಇಲ್ಲ?"

ನನ್ನ ಮುಖ ನೋಡಿದವಳಿಗೆ ಉತ್ತರ ಬೇಕಾಗಲಿಲ್ಲ. ಅವಳ ಕೈಯಲ್ಲಿದ್ದ ಬಿಲ್ವಪತ್ರೆ ನೆಲಕ್ಕೆ ಬಿತ್ತು. ಒಲೆಯ ಮುಂದಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಅಪ್ಪ ಅಂಗಡಿಯಿಂದ ಟಾರ್ಚು ತಂದ. ಆಯಿಯೊಬ್ಬಳನ್ನು ಬಿಟ್ಟು ಎಲ್ಲರೂ ಗಲ್ಲಿಗಿಳಿದೆವು. ಮೋರಿಯ ಅಂಚು, ಗೋದಾಮಿನ ಕಟ್ಟೆ, ಶಾಲೆಯ ದಾರಿ, ಎಲ್ಲ ಕಡೆ ಕೆಸರು, ಮೆಣಸಿನಕಾಯಿಯ ತೊಟ್ಟು, ಹರಿದ ಗೋಣಿ. ರಜಿತಳ ತಾಯಿಯೂ ಸೆರಗು ಸಿಕ್ಕಿಸಿ ಬಂದು ಹುಡುಕಿದಳು. "ಬಂಗಾರಮಾ?" ಎಂದು ಕೇಳಿದಳು. ನಾನು ಅಲ್ಲವೆಂದು ತಲೆಯಾಡಿಸಿದೆ. ಚಿನ್ನ ಅಲ್ಲವೆಂದ ಮೇಲೆ ಈ ಹುಡುಗಿ ಯಾಕೆ ಇಷ್ಟು ನಡುಗುತ್ತಿದ್ದಾಳೆ ಎಂಬಂತೆ ಅವಳು ನನ್ನನ್ನೇ ನೋಡಿದಳು. ಕಳೆದದ್ದು ನನ್ನ ಉಸಿರು ಎಂದು ತೆಲುಗಿನಲ್ಲಿ ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ.

ಸಿಕ್ಕಲಿಲ್ಲ. ಮನೆಗೆ ಬಂದಾಗ ಆಯಿ ಗೂಡಿನ ಮುಂದೆ ಹಾಗೆಯೇ ಕೂತಿದ್ದಳು.

"ಸಿಗೂತನಾ ಆಕಿ ಬಾಯಾಗ ಹನಿ ನೀರು ಹೋಗಬಾರದು," ಅಂದಳು.

ಅಪ್ಪ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಸಣ್ಣ ಕೂಸೈತಿ ಅವ್ವಾ. ಅಯ್ಯನವರಿಗೆ ಹೇಳಿ ಕಳಸ್ತೀನಿ. ಹೊಸಾದು ಕಟ್ತಾರ."

"ಉಸಿರು ಹೊಸಾದು ಸಿಗತೈತೇನು ಅಂಗಡ್ಯಾಗ?"

"ಅತ್ತಿ, ಉಪಾಸ ಇದ್ರ ಕೂಸಿಗೆ ಏನರ ಆದೀತ್ರಿ," ಅಂದಳು ಅವ್ವ, ಎಂದೂ ಆಯಿಗೆ ಎದುರಾಡದವಳು.

"ಆಕಿ ಒಬ್ಬಾಕೀನ ಉಪಾಸ ಇರಂಗಿಲ್ಲ. ಕಟ್ಟಿಸಿದಾಕಿ ನಾನು. ನಾನೂ ಉಣ್ಣಂಗಿಲ್ಲ, ನಾನೂ ಕುಡಿಯಂಗಿಲ್ಲ." ಆಯಿಯ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ನನ್ನನ್ನು ಹತ್ತಿರ ಎಳೆದು ಅಪ್ಪಿಕೊಂಡಳು. ಅವಳ ಮೈ ನಡುಗುತ್ತಿತ್ತು. ಆಯಿಗೂ ಹೆದರಿಕೆಯಾಗಿದೆ ಎಂಬುದು ಗೊತ್ತಾದಾಗ ನನ್ನ ಹೆದರಿಕೆಗೆ ಮಿತಿ ಇಲ್ಲವಾಯಿತು.

ಮಾಡಿಟ್ಟ ಹುಗ್ಗಿ ಪಾತ್ರೆಯಲ್ಲೇ ಉಳಿಯಿತು. ಯಾರೂ ಮುಟ್ಟಲಿಲ್ಲ.

ಬೆಳಿಗ್ಗೆ ಆಯಿ ಗೋಡೆಗೊರಗಿ ಜಪ ಮಾಡುತ್ತಿದ್ದಾಗ ಅವ್ವ ನನ್ನನ್ನು ಅಡುಗೆ ಖೋಲಿಗೆ ಕರೆದು ಬಾಗಿಲು ಮುಂದೆ ಮಾಡಿದಳು. ಸೆರಗಿನಡಿಯಿಂದ ನೀರಿನ ಲೋಟ ತೆಗೆದಳು.

"ಕುಡಿ. ಯಾರೂ ನೋಡಂಗಿಲ್ಲ."

"ಶಿವ ನೋಡತಾನ."

"ನೋಡ್ಲಿ. ನೋಡಿ ಏನ ಮಾಡತಾನ, ನಾ ನೋಡಿಕೊಂತೀನಿ. ನೀ ಕುಡಿ."

ನಾನು ತುಟಿ ಬಿಗಿದು ನಿಂತೆ. ಅವ್ವ ಲೋಟವನ್ನು ಹಲ್ಲಿಗೆ ಒತ್ತಿದಳು. ನೀರು ಗದ್ದದಿಂದ ಇಳಿದು ಫ್ರಾಕು ನೆನೆಯಿತು. ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಅವ್ವ ಅಂಥ ಮಾತು ಆಡಿದ್ದಕ್ಕೆ ಅವಳಿಗೇ ಏನಾದರೂ ಆಗಿಬಿಡುತ್ತದೆ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಈಗಲೂ ಬಾಯಾರಿದಾಗ ಮೊದಲು ನೆನಪಾಗುವುದು ಹಲ್ಲಿಗೆ ತಾಗಿದ ಆ ಸ್ಟೀಲು ಲೋಟದ ಅಂಚು.

ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹೊಟ್ಟೆಯ ಸಂಕಟ ಅಷ್ಟು ದೊಡ್ಡದಾಗಿರಲಿಲ್ಲ. ದೊಡ್ಡದಾಗಿದ್ದದ್ದು ಬೇರೆ. ಕಳೆದ ಸಂಜೆಯಿಂದ ನಾನು ಉಸಿರಾಡುತ್ತಲೇ ಇದ್ದೆ. ಉಸಿರು ಹೋಗಿದ್ದರೂ ಆಡುತ್ತಿದ್ದೇನೆಂದರೆ ಇದು ಯಾರ ಉಸಿರು? ಕತೆಯ ಸೊಸೆ ತಾನೇ ಬಿಟ್ಟಳು. ನಾನು ಬಿಡದೆ ಹಿಡಿದುಕೊಂಡಿದ್ದೇನೆ. ಅದಕ್ಕೇ ಆಯಿ ಅಲ್ಲಿ ಒಣಗುತ್ತಿದ್ದಾಳೆ. ನಾನು ಬಿಟ್ಟರೆ ಆಯಿ ನೀರು ಕುಡಿಯುತ್ತಾಳೆ.

ಎದ್ದು ಬಚ್ಚಲಿಗೆ ಹೋದೆ. ಬಾಗಿಲು ಮುಚ್ಚಿ, ಹಂಡೆಯ ಪಕ್ಕ ಕೂತು, ಒಂದು ಕೈಯಿಂದ ಮೂಗು, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡೆ. ಎದೆ ಒದೆಯತೊಡಗಿತು. ಕೈ ತಾನಾಗಿ ಬಿಟ್ಟಿತು. ನಾಚಿಕೆಯಾಯಿತು. ಇನ್ನೂ ಗಟ್ಟಿಯಾಗಿ ಒತ್ತಿದೆ. ಮತ್ತೆ ಬಿಟ್ಟಿತು. ಮತ್ತೆ ಒತ್ತಿದೆ. ಕಣ್ಣ ಮುಂದೆ ಕಪ್ಪು ಬಂತು. ಶಿವ ಬರುತ್ತಾನೆಂದು ಕಾದೆ.

ಬಂದವಳು ಅವ್ವ. ಬಾಗಿಲು ತಳ್ಳಿ ನೋಡಿ, ನನ್ನ ಕೈ ಕಿತ್ತು, ಕೆನ್ನೆಗೆ ಬಾರಿಸಿದಳು. ನಾನು ದೊಡ್ಡದಾಗಿ ಉಸಿರೆಳೆದೆ. ಅವಳು ಅದೇ ಒದ್ದೆ ನೆಲದಲ್ಲಿ ಕುಸಿದು, ನನ್ನನ್ನು ಮಡಿಲಿಗೆಳೆದುಕೊಂಡು, ಅಂಗಳದ ಜನರೆಲ್ಲ ಕೇಳುವಂತೆ ಅತ್ತಳು. ಆಮೇಲೆ ಎದ್ದವಳೇ ಸೀರೆ ಹಿಂಡಿಕೊಳ್ಳದೆ ಅಂಗಡಿಗೆ ಹೋದಳು. ಅಲ್ಲಿ ಅಪ್ಪನಿಗೆ ಏನು ಹೇಳಿದಳೋ ಆಗ ನನಗೆ ಗೊತ್ತಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಓಡುತ್ತಲೇ ಬಂದ. "ಸಿಕ್ತು! ಅವ್ವಾ, ಸಿಕ್ತು! ಸಾಲಿ ಗೋಡಿ ಬಾಜೂಕ ಬಿದ್ದಿತ್ತು!"

ಅವನ ಅಂಗೈಯಲ್ಲಿ ಕೆಸರು ಮೆತ್ತಿದ ಅರಿವೆಯ ಗಂಟು. ಆಯಿ ಎದ್ದು ನಿಲ್ಲಲು ಹೋಗಿ ತೂರಾಡಿದಳು. ಗಂಟನ್ನು ಎರಡೂ ಕಣ್ಣಿಗೊತ್ತಿಕೊಂಡಳು. ಅವಳ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಹೊಸ ಅರಿವೆಯ ಮೇಲಿಟ್ಟು ನನ್ನ ಅಂಗೈಗೆ ಕೊಟ್ಟಳು.

"ನಿಂದ ಅಲ್ಲೇನು ನೋಡು ನೀಲವ್ವಾ?"

ಹೆಬ್ಬೆರಳು ತಾನಾಗಿ ಆ ಚಪ್ಪಟೆ ಜಾಗವನ್ನು ಹುಡುಕಿತು. ಇರಲಿಲ್ಲ. ಸುತ್ತಲೂ ನುಣುಪು. ತೊಳೆದರೂ ಹೋಗದ ಅಂಗಡಿಯ ವಾಸನೆ, ಗಂಧದ ಕಡ್ಡಿಯದೋ ಪೆಟ್ಟಿಗೆಯದೋ. ತಲೆ ಎತ್ತಿದೆ. ಆಯಿಯ ಹೆಗಲ ಹಿಂದೆ ಅಪ್ಪ ನಿಂತಿದ್ದ. ಅವನು ತಲೆಯಾಡಿಸಲಿಲ್ಲ, ಸನ್ನೆ ಮಾಡಲಿಲ್ಲ. ನನ್ನನ್ನು ನೋಡುತ್ತಿದ್ದ ಅಷ್ಟೆ. ದೊಡ್ಡ ಮನುಷ್ಯನೊಬ್ಬ ಮಗುವಿನ ಮುಂದೆ ಹಾಗೆ ಬೇಡಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಂದ ಐತಿ ಆಯಿ," ಅಂದೆ.

ಎಲ್ಲರೂ ಒಟ್ಟಿಗೆ ಉಂಡೆವು. ಆಯಿಯೇ ನನಗೆ ತುತ್ತು ಮಾಡಿ ಇಟ್ಟಳು. ರೊಟ್ಟಿ ರುಚಿಯಾಗಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಪ್ರತಿ ತುತ್ತಿಗೂ, ಇದಕ್ಕೆ ಏನಾದರೂ ಆಗಲೇಬೇಕು ಎಂದು ಕಾಯುತ್ತ ನುಂಗಿದೆ.

ಆ ಕಾಯುವಿಕೆ ಮುಗಿಯಲಿಲ್ಲ. ಸಂಜೆಯ ಪೂಜೆ ಮುಂದುವರಿಯಿತು. ಆಯಿಯ ಅಂಗೈ, ನನ್ನ ಅಂಗೈ, ದೀಪದ ಚುಕ್ಕೆ, ಎಲ್ಲ ಮೊದಲಿನ ಹಾಗೆ. ಆದರೆ ಆ ಕಲ್ಲು ನನ್ನ ಕೈಯಲ್ಲಿ ಎಂದೂ ಬೆಚ್ಚಗಾಗಲಿಲ್ಲ. ನಾನು ರೆಪ್ಪೆ ಬಡಿಯದೆ ನೋಡುತ್ತ, ಮನಸ್ಸಿನಲ್ಲಿ ಒಂದೇ ಮಾತು ಹೇಳುತ್ತಿದ್ದೆ: ಅಪ್ಪನಿಗೆ ಏನೂ ಮಾಡಬೇಡ, ಸುಳ್ಳು ಒಪ್ಪಿಕೊಂಡವಳು ನಾನು. ಅಪ್ಪ ಬರುವುದು ತಡವಾದರೆ ಗಲ್ಲಿಯ ತುದಿಯಲ್ಲಿ ನಿಲ್ಲುವವಳು ಈಗ ನಾನಾದೆ. ಕುಂಟಬಿಲ್ಲೆ ಬಿಟ್ಟೆ. ರಜಿತ ಕೆಲವು ದಿನ ಬಾಗಿಲಿಗೆ ಬಂದು ಕರೆದಳು, ಆಮೇಲೆ ಬರುವುದನ್ನು ಬಿಟ್ಟಳು. ಶಾಲೆಯಲ್ಲಿ ಪಾಠ ಕೇಳುವಾಗ, ಕ್ಯೂ ನಿಂತಾಗ, ಯಾವಾಗಲೂ ಕೈ ಕೊರಳಿಗೆ ಹೋಗುತ್ತಿತ್ತು. ಮುಟ್ಟಿದೊಡನೆ ಸಮಾಧಾನ, ಮರುಗಳಿಗೆಗೆ ಇದು ಅದಲ್ಲ ಎಂಬ ನೆನಪು, ಮತ್ತೆ ಕೈ.

ಆಯಿ ಕೆಲವು ವರ್ಷಗಳಾದ ಮೇಲೆ ಹೋದಳು. ಅಪ್ಪ ಹೋದದ್ದು ನಾನು ಕಾಲೇಜಿನಲ್ಲಿದ್ದಾಗ. ಅಂಗಡಿಯಲ್ಲಿ ಮೇಲಿನ ಸಾಲಿನ ಪಾತ್ರೆ ತೆಗೆಯುತ್ತ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅದಕ್ಕೂ ಸ್ವಲ್ಪ ಮುಂಚೆ, ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೇ ನಿಂತಿದ್ದಾಗ, ಧೈರ್ಯ ಮಾಡಿ ಕೇಳಿದ್ದೆ.

"ಅಪ್ಪಾ, ಅವತ್ತ ನೀವು ತಂದದ್ದು..."

"ಬಸ್ ಬಂತ ನೋಡು," ಅಂದ. ಬಸ್ಸು ಬಂದಿರಲಿಲ್ಲ.

ಅಪ್ಪ ಹೋದ ದಿನ ಮನೆಯಲ್ಲಿ ಅವನನ್ನು ನಮ್ಮವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಜನ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಕೊನೆಗೂ ಬಂತಲ್ಲ ಎನಿಸಿತು. ಆ ಶ್ರಾವಣದಿಂದ ನಾನು ಕಾಯುತ್ತಿದ್ದದ್ದು ಇದನ್ನೇ. ಡಾಕ್ಟರು ಹೃದಯದ ರಕ್ತನಾಳದ ಮಾತಾಡಿದರು. ನಾನು ತಲೆಯಾಡಿಸಿದೆ. ಒಳಗೆ ಒಂಬತ್ತು ವರ್ಷದ ಹುಡುಗಿ ಎಲ್ಲ ತೀರ್ಮಾನ ಮಾಡಿ ಮುಗಿಸಿದ್ದಳು.

ಈಗ ನನಗೆ ನಲವತ್ತು ದಾಟಿದೆ. ಮಾದಾಪುರದ ಒಂದು ಕಚೇರಿಯಲ್ಲಿ ಕೆಲಸ. ಗಂಡ, ಮಗಳು, ಅವ್ವ, ಎಲ್ಲರೂ ಮೆಹದಿಪಟ್ಟಣಂನ ಒಂದು ಫ್ಲ್ಯಾಟಿನಲ್ಲಿ ಇದ್ದೇವೆ. ನಮ್ಮವರಲ್ಲೇ ಎಷ್ಟೋ ಮನೆಗಳಲ್ಲಿ ಲಿಂಗ ಕಳೆದರೆ ಹೊಸದು ಕಟ್ಟಿಸಿಕೊಂಡು ನಕ್ಕು ಮರೆಯುತ್ತಾರೆಂದು ಆಮೇಲೆ ತಿಳಿಯಿತು. ಓದಿದೆ, ವಾದಿಸಿದೆ, ದೇವರಿಲ್ಲವೆಂದು ಗೆಳತಿಯರ ಮುಂದೆ ಗಟ್ಟಿಯಾಗಿ ಹೇಳಿದೆ. ಹೇಳುವಾಗಲೂ ಕೈ ಕೊರಳಲ್ಲಿತ್ತು. ಆ ಲಿಂಗವನ್ನು ಬಿಚ್ಚಲು ಇವತ್ತಿಗೂ ನನ್ನಿಂದ ಆಗಿಲ್ಲ. ಕುಪ್ಪಸದ ಗುಂಡಿಗೆ ಸಿಕ್ಕಿ ದಾರ ಬೆನ್ನಿಗೆ ಸರಿದು, ಒಂದು ಗಳಿಗೆ ಬೆರಳಿಗೆ ಸಿಕ್ಕದಿದ್ದರೆ ಸಾಕು, ಗಂಟಲು ಬಿಗಿಯುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಡಾಕ್ಟರಮ್ಮ ಒಬ್ಬರು ಗುಳಿಗೆ ಕೊಟ್ಟಿದ್ದಾರೆ. "ಯಾವಾಗಿಂದ ಹೀಗೆ?" ಎಂದು ಕೇಳಿದ್ದರು. ಚಿಕ್ಕಂದಿನಿಂದ ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮಗಳು ಮೇಘಾ ಹುಟ್ಟಿದಾಗ ಒಂದು ನಿರ್ಧಾರ ಮಾಡಿದ್ದೆ. ಅವಳಿಗೆ ಏನನ್ನೂ ಕಟ್ಟುವುದಿಲ್ಲ. ಯಾವ ಕತೆಯನ್ನೂ ಹೇಳುವುದಿಲ್ಲ. ಅವಳ ಕೊರಳು ಖಾಲಿ ಇರಲಿ.

ಈ ವರ್ಷ ಶಾಲೆಯಿಂದ ಫೋನು ಬಂತು. ಮೇಘಾ ಡಬ್ಬಿ ತೆರೆಯುತ್ತಿಲ್ಲ, ನೀರೂ ಕುಡಿಯುತ್ತಿಲ್ಲ, ಯಾಕೆಂದು ಕೇಳಿದರೆ ಹೇಳುತ್ತಿಲ್ಲ ಎಂದರು ಟೀಚರು. ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

"ಅಮ್ಮಾ, ನೀನು ಆಫೀಸಿಗೆ ಹೋದಾಗ ಅದು ಬಿದ್ದುಹೋದ್ರೆ?"

"ಯಾವುದು?"

ಅವಳು ನನ್ನ ಕೊರಳನ್ನು ಮುಟ್ಟಿದಳು. "ಅವತ್ತು ಮೆಟ್ರೋದಲ್ಲಿ ಅದು ಸಿಗಲಿಲ್ಲ ಅಂತ ನಿಂಗೆ ಉಸಿರೇ ಬರ್ಲಿಲ್ಲ. ಎಲ್ರೂ ನೋಡ್ತಿದ್ರು. ನೀನು ವಾಪಸ್ ಮನೆಗೆ ಬಂದ್ಮೇಲೇ ನಾನು ತಿಂತೀನಿ. ಅಲ್ಲೀತನಕ ತಿನ್ನಲ್ಲ ಅಂತ ಹೇಳ್ಕೊಂಡಿದೀನಿ."

"ಯಾರಿಗೆ ಹೇಳ್ಕೊಂಡಿದೀಯ?"

"ಯಾರಿಗೂ ಇಲ್ಲ. ಸುಮ್ನೆ, ನಂಗೇ."

ಶಿವನ ಹೆಸರು ಕೂಡ ಅವಳಿಗೆ ಸರಿಯಾಗಿ ಗೊತ್ತಿಲ್ಲ. ಕತೆ ಇಲ್ಲ, ಮಂತ್ರ ಇಲ್ಲ, ದೀಪದ ಬೆಳಕಿಲ್ಲ, ಅಂಗೈ ಕೆಳಗೆ ಇನ್ನೊಂದು ಅಂಗೈ ಇಲ್ಲ. ಅವೆಲ್ಲವನ್ನೂ ನಾನು ತಡೆದಿದ್ದೆ. ಹೆದರಿಕೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ನನ್ನಿಂದ ಇಳಿದು ಅವಳೊಳಗೆ ಹೋಗಿ ಕೂತಿತ್ತು.

ಎದ್ದು ಅವ್ವನ ಖೋಲಿಗೆ ಹೋದೆ. ಅವ್ವ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನೆಲಕ್ಕೆ ಕೂತು ಅವಳ ಮೊಣಕಾಲಿಗೆ ತಲೆ ಇಟ್ಟೆ. ಇಷ್ಟು ವರ್ಷ ಬಾಯಿಗೆ ಬಾರದ್ದು ಒಮ್ಮೆಗೇ ಬಂತು.

"ಅವ್ವಾ, ಅಪ್ಪ ಅವತ್ತ ತಂದದ್ದು ನಂದಲ್ಲ. ನಂಗ ಅವತ್ತ ಗೊತ್ತಾಗಿತ್ತು. ಅದಕ್ಕ ಅಪ್ಪ ಹ್ವಾದ."

ಸುಲಿಯುತ್ತಿದ್ದ ಕೈ ನಿಂತಿತು.

"ಏನ ಮಾತಾಡತಿ? ನಾನ ಅಲ್ಲೇನ ಅಂಗಡಿಗೆ ಹೋಗಿ ಅವರಿಗೆ ಹೇಳಿದಾಕಿ! ಎಲ್ಲಿಂದರ ತರ್ರಿ, ಇಲ್ಲಂದ್ರ ನಿಮ್ಮ ಮಗಳು ಸಾಯ್ತಾಳ ಅಂತ. ಅಲ್ಲೇ ಬಾಜೂ ಪೂಜಿ ಸಾಮಾನಿನ ಅಂಗಡ್ಯಾಗ ತಗೊಂಡು, ಮೋರಿ ಕೆಸರು ಹಚ್ಚಿಕೊಂಡು ಬಂದ್ರು. ನೀ ಸಣ್ಣಾಕಿ, ನಿನಗ ಗುರ್ತು ಹತ್ತಂಗಿಲ್ಲ ಅಂದಿದ್ವಿ."

"ಆಯಿಗೆ ಗೊತ್ತಾಗಿದ್ರ ಏನ ಮಾಡತಿದ್ರಿ?"

ಅವ್ವ ಕಿಟಕಿಯ ಕಡೆ ನೋಡಿದಳು. "ಆಕಿಗೂ ಗೊತ್ತಿತ್ತು."

ನಾನು ತಲೆ ಎತ್ತಿದೆ.

"ತೊಳಿಯೂ ಮುಂದ ಗೊತ್ತಾಗೇತಿ. ಕಣ್ಣು ಕಾಣದಿದ್ರ ಏನಾತು, ದಿನಾ ನಿನ್ನ ಕೈ ಹಿಡಿದು ಪೂಜಿ ಮಾಡಸ್ತಿದ್ದ ಬೆರಳು ಅವು. ಸಾಯೂ ಮುಂಚೆ ನನ್ನ ಮುಂದ ಅಂದ್ಲು. ಕೂಸು ಉಂಡ್ರ ಸಾಕಾಗಿತ್ತು ನನಗ, ಪಾಪ ನನ್ನ ತಲಿ ಮ್ಯಾಲೆ ಇರ್ಲಿ ಅಂತ ಸುಮ್ಮಕಾದೆ ಅಂದ್ಲು. ನಿನಗ ಗೊತ್ತಾದ್ರ ಮತ್ತ ಉಣ್ಣೂದು ಬಿಟ್ಟೀ ಅಂತ, ಹೇಳಬ್ಯಾಡ ಅಂದಿದ್ಲು."

ಅವ್ವ ಅಳುತ್ತಿದ್ದಳು. ಅಷ್ಟು ಚಿಕ್ಕ ಮನೆ. ಒಂದೇ ದೀಪ. ಅದರ ಸುತ್ತ ಕೂತ ಎಲ್ಲರಿಗೂ ಒಂದೇ ಸಂಗತಿ ಗೊತ್ತಿತ್ತು. ಪ್ರತಿಯೊಬ್ಬರೂ ಉಳಿದವರನ್ನು ಕಾಪಾಡಲು ಬಾಯಿ ಮುಚ್ಚಿಕೊಂಡಿದ್ದರು. ಆ ಸಂಜೆ ಆಯಿ ಒಂದು ಮಾತು ಆಡಿದ್ದರೆ, ಇದು ಬೇರೆ ಕಲ್ಲು ಮಗಳೇ, ಆದರೂ ಉಣ್ಣು ಅಂದಿದ್ದರೆ, ನನ್ನ ಬದುಕು ಬೇರೆಯಾಗುತ್ತಿತ್ತು. ಅವಳ ಪ್ರೀತಿ ಅವಳ ನಂಬಿಕೆಯನ್ನು ಗೆದ್ದಿತ್ತು, ಅದನ್ನು ಅವಳು ನನ್ನಿಂದ ಬಚ್ಚಿಟ್ಟಳು.

ಮೇಘಾಳನ್ನು ಕರೆದೆ. ಅವಳ ಕಣ್ಣೆದುರಿಗೇ ಬಿಚ್ಚಿ ತೋರಿಸುತ್ತೇನೆ, ಬಿಚ್ಚಿಯೂ ಉಸಿರಾಡುತ್ತೇನೆ ಎಂದುಕೊಂಡೆ. ಸತ್ಯ ಗೊತ್ತಾಗಿದೆಯಲ್ಲ, ಇನ್ನೇನು? ದಾರವನ್ನು ತಲೆಯ ಮೇಲಿಂದ ತೆಗೆದು ಮಂಚದ ಮೇಲಿಟ್ಟೆ. "ನೋಡು ಪುಟ್ಟಾ, ಏನೂ ಆಗಲ್ಲ," ಎಂದು ನಗಲು ಹೋದೆ. ಮಾತು ಮುಗಿಯುವ ಮೊದಲೇ ಗಂಟಲು ಮುಚ್ಚಿತು. ಎದೆ ಒದೆಯತೊಡಗಿತು. ನೆಲ ಹಿಡಿದುಕೊಂಡೆ. ಮೇಘಾ ಚೀರಿ ಅದನ್ನು ಎತ್ತಿ, ನನ್ನ ತಲೆಯ ಮೇಲಿಂದ ಇಳಿಬಿಟ್ಟಳು. ಸಿಕ್ಕುಬಿದ್ದ ಕೂದಲನ್ನು ಅವ್ವ ಬಿಡಿಸಿದಳು. ಗಾಳಿ ವಾಪಸ್ಸು ಬಂತು.

ಆ ಗಲ್ಲಿಯಲ್ಲಿ ಈಗ ನಮ್ಮ ಮನೆ ಇಲ್ಲ, ಆ ಅಂಗಳ ಇಲ್ಲ. ಹೋಗಲಿ, ಅವು ಎಲ್ಲರಿಗೂ ಹೋಗುತ್ತವೆ. ಕಲ್ಲೊಂದನ್ನು ಅಂಗೈಯಲ್ಲಿಟ್ಟುಕೊಂಡು ಲೋಕವೆಲ್ಲ ನನ್ನದೆಂದು ಕೂತಿದ್ದ ಆ ನೆಮ್ಮದಿ ಹೋಯಿತು. ದೇವರನ್ನು ನಂಬಿ ಬದುಕುವುದು ನನ್ನಿಂದಾಗಲಿಲ್ಲ, ನಂಬದೆ ಬದುಕುವುದೂ ಆಗಲಿಲ್ಲ. ಅಪ್ಪನಿಗಾಗಿ ಅಳುವುದು ಇನ್ನೂ ಬಾಕಿಯೇ ಇದೆ. ಇವಕ್ಕೆಲ್ಲ ಯಾರನ್ನು ಕೇಳಲಿ? ಕೇಳಬೇಕಾದವರೆಲ್ಲ ನನ್ನನ್ನು ಪ್ರೀತಿಸಿದವರು.

ಅವತ್ತು ಅವ್ವ ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದಳು. ಮೇಘಾ ಊಟ ಮಾಡಿದಳು. ಎಡಗೈಯನ್ನು ನನ್ನ ಕೊರಳಿನ ಮೇಲೆ ಇಟ್ಟುಕೊಂಡೇ, ಕೊನೆಯ ತುತ್ತಿನವರೆಗೆ.